ಸ್ಟೂಲು ಹಿಡಿದವಳು

ಶನಿಯನ್ನು ತೋರಿಸಲು ಶನಿವಾರವೇ ಬೇಕಿತ್ತೇ
ಎಂದು ಊರು ಕೇಳಿತು.
ಭಾನುವಾರ ಟೆಂಪೋ ಸಿಗುವುದಿಲ್ಲ,
ನಮ್ಮ ಸಂಘಕ್ಕೆ ಗೊತ್ತಿದ್ದ ಶಾಸ್ತ್ರ ಅದೊಂದೇ.

ಹಾಗಾಗಿ ಶಹಾಬಾದಿನ ಹೊರಗೆ
ಕಲ್ಲು ತೆಗೆದು ತೆಗೆದು ಬಿಟ್ಟ ಖಣಿಯ ದಂಡೆಗೆ
ಕಿವಿಗೆ ಟವೆಲು ಕಟ್ಟಿಕೊಂಡು ಬಂದರು ಜನ,
ಎಪ್ಪತ್ತೋ ಎಂಬತ್ತೋ.
ನಾವು ಐವರು. ಒಂದು ದೂರದರ್ಶಕ, ಒಂದು ಸ್ಟೂಲು.
ಟಾರ್ಚಿಗೆ ಕೆಂಪು ಜಿಲೇಟಿನ ಕಾಗದ ಸುತ್ತಿದ್ದೆವು;
ವಾಡಿಯ ಕಡೆಯ ಆಕಾಶ ಮಾತ್ರ
ಸಿಮೆಂಟಿನ ಧೂಳಿಗೆ ದೀಪ ಹಚ್ಚಿ ಕೂತಿತ್ತು.

ನನ್ನ ಕೆಲಸ ಸ್ಟೂಲು.
ಮಡಚುವ ಕಬ್ಬಿಣದ್ದು, ಕಿರುಗುಟ್ಟುತ್ತದೆ.
ಹತ್ತುವವರ ಮೊಣಕೈ ಹಿಡಿ, ಇಳಿಯುವವರಿಗೆ ಚಪ್ಪಲಿ ತೋರಿಸು,
ನಡುವೆ ನಳಿಗೆಯನ್ನು ಒಂದಿಷ್ಟೇ ನೂಕು:
ಅದಕ್ಕೆ ಮೋಟಾರಿಲ್ಲ,
ಹಳೆಯ ಹಾಡಿನ ತಟ್ಟೆಯೊಂದರ ಮೇಲೆ ತಿರುಗುತ್ತದೆ.
ಯಾವ ಹಾಡೋ, ಲೇಬಲ್ಲು ಹರಿದಿದೆ.

"ಓಡಿಹೋದ್ರಿ!" ಅನ್ನುತ್ತಾನೆ ತೌಫೀಕ, ನಿಮಿಷಕ್ಕೊಮ್ಮೆ.
ಓಡ್ಲಕತ್ತದ್ದು ಅಂವ ಅಲ್ಲಪ್ಪ, ನಾವು ಅಂದೆ,
ನೀನು, ನಾನು, ಈ ಖಣಿ, ಎಲ್ಲಾನೂ.
ಅವನು ನನ್ನ ಸೆರಗು ಗಟ್ಟಿ ಹಿಡಿದುಕೊಂಡ.

"ಒಳಗ ಚಿತ್ರ ಅಂಟಿಸೀರಿ," ಎಂದ ಒಬ್ಬ ಗೌಂಡಿ,
ನಳಿಗೆಯ ಬಾಯಲ್ಲಿ ಕೈಯಾಡಿಸಿ ನೋಡಿದ.
ಆ ಕೈಯ ಬಿಸಿಗೆ ಶನಿ
ಬಾವಿಯೊಳಗಿನ ಬಿಲ್ಲೆಯ ಹಾಗೆ ನಡುಗಿ, ಮತ್ತೆ ನಿಂತ.

ಅಂಬಾರಾಯ ಸರ್ ಹೇಳುತ್ತಿದ್ದರು,
ಈ ಬೆಳಕು ಅಲ್ಲಿಂದ ಹೊರಟು ಎಂಬತ್ತು ನಿಮಿಷ.
ಲೆಕ್ಕ ಹಾಕಿದೆ.
ಅದು ಹೊರಟಾಗ ನಾವು ಟೆಂಪೋದಿಂದ
ಈ ಸ್ಟೂಲನ್ನೇ ಇಳಿಸುತ್ತಿದ್ದೆವು,
ಒಂದು ಕಾಲು ಕುಂಟು ಯಾಕಾಯಿತೆಂದು ಜಗಳಾಡುತ್ತ.

ನಾಗಿಂದ್ರಮ್ಮ ಎಳ್ಳೆಣ್ಣೆಯ ಬಾಟಲಿ ತಂದಿದ್ದಳು.
ಏಳೂವರೆ ವರ್ಷ, ವಾರ ತಪ್ಪದೆ ಸುರಿದಿದ್ದಾಳಂತೆ ಅವನಿಗೆ.
"ಮಾರಿನೇ ನೋಡಿಲ್ಲವ್ವ, ಜರಾ ಹತ್ತಿಸು."
ಸಾಲಿನ ಹೆಂಗಸರು ಹಿಂದೆ ಸರಿದರು,
ಒಬ್ಬಳು ಮಗುವಿನ ಕಣ್ಣು ಮುಚ್ಚಿದಳು.
ಹತ್ತಿದಳು. ಬಳೆ ನಳಿಗೆಗೆ ತಾಗಿತು.
ತುಂಬ ಹೊತ್ತು ಮಾತಿಲ್ಲ.
"ಇಷ್ಟು ಸಣ್ಣಾವ?"
ಆಮೇಲೆ ಇಳಿದು, ನನಗಷ್ಟೇ ಕೇಳುವ ಹಾಗೆ:
"ಅಷ್ಟು ಕತ್ತಲದಾಗ ಒಬ್ಬನೇ ಇದ್ದಾನಲ್ಲವ್ವ."
ಬಾಟಲಿಯ ಎಣ್ಣೆಯನ್ನು
ಸ್ಟೂಲಿನ ಕೀಲುಗಳಿಗೆ ಬಿಟ್ಟು ಹೋದಳು.

ಲಾಡ್ಲೆಸಾಬ ಸಾಲಿನಲ್ಲೇ ನಿಂತು ಬಂದ.
ಕನ್ನಡಿ ಅವನದು.
ಮೂವತ್ತು ವರ್ಷ ಫರಸಿಗೆ ಪಾಲಿಶ್ ಹೊಡೆದ ಕೈ
ಆರು ತಿಂಗಳು ಗಾಜಿನ ಮೇಲೆ ಗಾಜಿಟ್ಟು,
ನಡುವೆ ನೀರು, ಪುಡಿ,
ಡ್ರಮ್ಮಿನ ಸುತ್ತ ಗಾಣದೆತ್ತಿನಂತೆ ನಡೆದು ತಿಕ್ಕಿದ್ದು.
ಪುಡಿ ಸವೆದರೆ ಗಾಜಿನ ದನಿ ಬದಲಾಗುತ್ತದೆ ಅನ್ನುತ್ತಿದ್ದ.
ನಮಗೆ ಕೇಳಿಸುತ್ತಿರಲಿಲ್ಲ.
ಬಲ್ಬು, ಬ್ಲೇಡು ಇಟ್ಟು ನೆರಳು ಓದಲು ಸರ್ ಕಲಿಸಿದರು;
ವಾರದೊಳಗೆ ಅವನೇ ಸರ್‌ಗೆ ಕಲಿಸುತ್ತಿದ್ದ.
ಆದರೆ ಆಕಾಶಕ್ಕೆ ಹಿಡಿದಾಗ ಒಮ್ಮೆಯೂ ಕಣ್ಣಿಟ್ಟವನಲ್ಲ.
"ಮೊದಲ ಮಂದಿ ನೋಡ್ಲಿ."

ಈ ರಾತ್ರಿ ನೋಡಿದ.
ಕನ್ನಡಕ ತೆಗೆದು ನೋಡಿದ.
ಶನಿಯನ್ನು ಬಿಟ್ಟು ಪಕ್ಕದ ಒಂದು ಬಿಡಿ ಚುಕ್ಕಿಗೆ ತಿರುಗಿಸಿ,
ಫೋಕಸ್ಸನ್ನು ಬೇಕಂತಲೇ ಕೆಡಿಸಿ, ನೋಡಿದ.
ಐವರೂ ಕಾದೆವು,
ಬರೆದಿಟ್ಟುಕೊಳ್ಳುವಂಥದ್ದೇನೋ ಹೇಳುತ್ತಾನೆಂದು.

"ಅಂಚು ಇಳದದ," ಎಂದ.
"ಕೂದಲಿನ ಸಾವಿರಕ್ಕ ಒಂದು ಪಾಲು.
ಬಿಚ್ಚಿ ಕೊಡ್ರಿ, ಸೋಮವಾರ ತಿಕ್ತೀನಿ."

ಇನ್ನೂ ಹನ್ನೊಂದು ಜನ ಇದ್ದಾರಲ್ಲ ಎಂದೆವು.
ಅವರೂ ನೋಡಲಿ ಎಂದು ತಾನೇ ಶನಿಯನ್ನು ಹುಡುಕಿ ಕೊಟ್ಟು,
ಬೀಡಿ ಹಚ್ಚಲು ದೂರ ಹೋದ,
ಬೆಂಕಿ ನಮಗೆ ಕಾಣದ ಹಾಗೆ ಬೆನ್ನು ತಿರುಗಿಸಿ.

ಶನಿ ಖಣಿಯ ಆಚೆ ದಂಡೆಗೆ ಇಳಿಯುತ್ತಿದ್ದ.
ಅವನು ಇಳಿದಷ್ಟೂ ನಳಿಗೆ ಬಾಗಿತು,
ಕಣ್ಣಿಡುವ ತೂತು ಮೊದಲು ಎದೆಗೆ,
ಆಮೇಲೆ ಸೊಂಟದ ಮಟ್ಟಕ್ಕೆ ಬಂತು.
ಕೊನೆಯವರು ಯಾರೂ ಹತ್ತಲಿಲ್ಲ,
ಬಗ್ಗಿ ನೋಡಿದರು.

ಕೆಲಸ ಇಲ್ಲದ ನಾನು ಸ್ಟೂಲಿನ ಮೇಲೆ ಕೂತೆ.
ಅದು ಕಿರುಗುಟ್ಟಲಿಲ್ಲ.